ಹದಿನೇಳನೆಯ ಕಂತಿನ ಮಗು

ಶಿಡ್ಲಘಟ್ಟ
೭ ಮಾರ್ಚ್ ೧೯೫೮

‘ಕೈದೀಪ’ ವಾರಪತ್ರಿಕೆಯಲ್ಲಿ ‘ಅಂತರಿಕ್ಷದ ಅಂಚೆಯವನು’ ಎಂಬ ಧಾರಾವಾಹಿ ಬರೆಯುವ ದಕ್ಷಿಣಾಮೂರ್ತಿ ಸ್ವಾಮಿಯವರಿಗೆ, ಪತ್ರಿಕೆಯ ಕಚೇರಿ, ಚಿಕ್ಕಬಳ್ಳಾಪುರ, ಇವರ ಮೂಲಕ, ಹಿಪ್ಪುನೇರಳೆ ಬೆಳೆಯುವ ಮುನಿವೆಂಕಟಪ್ಪನ ನಮಸ್ಕಾರ.

ಗಂಗುಲಪ್ಪನ ರೇಷ್ಮೆ ನೂಲು ಬಿಚ್ಚುವ ಷೆಡ್ಡಿನ ಜಗಲಿಯಲ್ಲಿ ಪ್ರತಿ ಗುರುವಾರ ಸಂಜೆ ಸೇರುವ ನಲವತ್ತು ಜನ ನಾವು. ನಮ್ಮ ಬೀದಿಗೆ ‘ಕೈದೀಪ’ ಬರುವುದು ಒಂದೇ ಪ್ರತಿ. ಅದು ಪ್ರೈಮರಿ ಸ್ಕೂಲಿನ ಸಾವಿತ್ರಮ್ಮ ಮೇಷ್ಟ್ರಮ್ಮನವರ ಹೆಸರಿಗೆ. ಅವರು ಓದುತ್ತಾರೆ, ನಾವು ಕೇಳುತ್ತೇವೆ. ವಯಸ್ಕರ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದವರೂ ಅವರೇ. ಆದರೆ ನಿಮ್ಮ ಸಣ್ಣಚ್ಚು ನನ್ನ ಕಣ್ಣಿಗೆ ಇರುವೆಯ ಸಾಲಿನಂತೆ ಕಾಣುತ್ತದೆ. ಗಂಗುಲಪ್ಪನಿಗೆ ಬರುವುದು ತೆಲುಗು ಅಕ್ಷರ. ಉಳಿದವರು ಅಷ್ಟೂ ಕಷ್ಟಪಟ್ಟವರಲ್ಲ.

ನಿಮ್ಮ ಕಥೆಯ ಅಂಚೆ ಪೇದೆ ತ್ರಿವಿಕ್ರಮ ಚಂದ್ರನಿಗೆ ಮನಿಯಾರ್ಡರ್ ಮುಟ್ಟಿಸಿದಾಗ ನಾವು ಸುಮ್ಮನಿದ್ದೆವು. ಶನಿಗ್ರಹದ ಬಳೆಯ ಮೇಲೆ ಸೈಕಲ್ ಹೊಡೆದಾಗಲೂ ಸುಮ್ಮನಿದ್ದೆವು. ರಷ್ಯಾದವರು ಆಕಾಶಕ್ಕೆ ಚೆಂಡು ಹಾರಿಸಿರುವ ಕಾಲ, ನಮಗೆ ತಿಳಿಯದ್ದು ಬೇಕಾದಷ್ಟಿರುತ್ತದೆ. ಆದರೆ ನಿನ್ನೆ ಕೇಳಿದ ಹದಿನೇಳನೆಯ ಕಂತಿನ ವಿಷಯದಲ್ಲಿ ಸುಮ್ಮನಿರುವುದು ಆಗುವುದಿಲ್ಲ.

ಮಂಗಳಗ್ರಹದ ಠಾಣೆಯಲ್ಲಿ ಕಾವಲುಗಾರನ ಮಗುವಿಗೆ ಜ್ವರ. ತ್ರಿವಿಕ್ರಮ ಔಷಧಿಯ ಪಾರ್ಸೆಲ್ ತರುವುದು ತಡವಾಗಿ ಮಗು ತೀರಿಹೋಗುತ್ತದೆ. ಮುದುಕ ವಿಜ್ಞಾನಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಕೊಡುತ್ತಾನೆ. ತ್ರಿವಿಕ್ರಮ ಹಿಡಿ ತಿರುಗಿಸಿ ಅರ್ಧ ಗಂಟೆ ಹಿಂದಕ್ಕೆ ಹೋಗಿ ಔಷಧಿ ಕುಡಿಸುತ್ತಾನೆ. ಇಲ್ಲಿಯವರೆಗೆ ಜಗಲಿಯ ಮೇಲೆ ಒಬ್ಬರೂ ಬೀಡಿ ಹಚ್ಚಲಿಲ್ಲ. ಆಮೇಲೆ ನೋಡಿದರೆ ಮಗು ಎರಡನೆಯ ಸಲ ಸಾಯುತ್ತದೆ. ವಿಜ್ಞಾನಿ ಬಂದು, ‘ಅಪ್ಪಾ, ಅರ್ಧ ಗಂಟೆಯಿಂದ ಏನೂ ಆಗುವಂತಿರಲಿಲ್ಲ. ಆ ಜ್ವರ ಮೂರು ದಿನ ಮೊದಲೇ ತನ್ನ ಕೆಲಸ ಮುಗಿಸಿತ್ತು’ ಅನ್ನುತ್ತಾನೆ. ಕಂತು ಮುಗಿಯುತ್ತದೆ.

ಚೆನ್ನರಾಯಪ್ಪ ಎದ್ದು ನಿಂತು, “ಏನೂ ಆಗ್ದೇ ಇರೋ ಯಂತ್ರ ಯಾಕ್ಕಣಯ್ಯಾ ಮಾಡ್ದ ಆ ಮುದುಕ? ಅದ್ರ ಬದ್ಲು ಒಂದು ನೀರೆತ್ತೋ ಪಂಪು ಮಾಡಿದ್ರೆ ಮಂಗಳದಲ್ಲಿ ಸೊಪ್ಪಾದ್ರೂ ಬೆಳೀತಿತ್ತು” ಎಂದ. ಕೊಂಡಮ್ಮನ ಅನುಮಾನ ಬೇರೆ. ಹಿಂದಕ್ಕೆ ಹೋದ ಮೇಲೆ ಅಲ್ಲಿ ಇಬ್ಬರು ತ್ರಿವಿಕ್ರಮರಾದರಲ್ಲ, ಮನೆಗೆ ಊಟಕ್ಕೆ ಬರುವವನು ಯಾರು, ಅವನ ಹೆಂಡತಿ ಬಾಗಿಲು ತೆಗೆಯುವುದು ಯಾರಿಗೆ ಎಂದು ಅವಳು ಕೇಳುತ್ತಾಳೆ. ಇದು ಮಾನದ ಪ್ರಶ್ನೆ, ಉತ್ತರ ಕೊಡಿ.

ಕಂತು ಚೆನ್ನಾಗಿದೆ ಎಂದವಳು ಅಮ್ಮಾಜಮ್ಮ ಒಬ್ಬಳೇ. ಅವಳು ಐದು ವರ್ಷದಿಂದ ಯಾರೆದುರಿಗೂ ಬಾಯಿ ಬಿಟ್ಟವಳಲ್ಲವಾದ್ದರಿಂದ ಅವಳ ಮತವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಮಗೆ ಒಂದು ಅನುಮಾನ. ನೀವು ಕಂತನ್ನು ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಮುಗಿಸಿದ್ದೀರಿ. ಆದಕಾರಣ ಮುಂದಿನ ಸಂಚಿಕೆಯೊಳಗೆ ಸದರಿ ಮಗುವನ್ನು ಬದುಕಿಸತಕ್ಕದ್ದು.

ಜಗಲಿಯವರ ಪರವಾಗಿ,
ಮುನಿವೆಂಕಟಪ್ಪ

*

ಚಿಕ್ಕಬಳ್ಳಾಪುರ
೧೫ ಮಾರ್ಚ್ ೧೯೫೮

ಶ್ರೀ ದಕ್ಷಿಣಾಮೂರ್ತಿಯವರಿಗೆ,

ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಿಗೆ ಕೆಲಸ ಕಡಿಮೆ ಎಂದು ಕೇಳಿದ್ದೆ. ಇಷ್ಟು ಕಡಿಮೆ ಎಂದು ತಿಳಿದಿರಲಿಲ್ಲ.

ಇದರೊಡನೆ ಎರಡು ಪತ್ರಗಳಿವೆ. ಒಂದು ಚಿಂತಾಮಣಿಯ ತರಕಾರಿ ಮಂಡಿಯ ಅಭಿಮಾನಿಗಳದು. ಹದಿನೇಳನೆಯ ಕಂತಿನಲ್ಲಿ ಮಗು ಬದುಕಿತೆಂದು ಅವರು ಮಂಡಿಯಲ್ಲೆಲ್ಲ ಬೂಂದಿ ಹಂಚಿದರಂತೆ. ಇನ್ನೊಂದು ಶಿಡ್ಲಘಟ್ಟದ ಮುನಿವೆಂಕಟಪ್ಪ ಎಂಬವರದು. ಅದೇ ಕಂತಿನಲ್ಲಿ ಅದೇ ಮಗು ಸತ್ತಿತೆಂದು ಅವರ ಜಗಲಿ ಕೆರಳಿದೆ. ಆ ಪುಟದ ಅಚ್ಚಿನ ಮೊಳೆ ಜೋಡಿಸುವಾಗ ಪಕ್ಕದಲ್ಲೇ ನಿಂತು ಕರಡು ತಿದ್ದಿದವನು ನಾನು. ನಾನು ಅಚ್ಚು ಹಾಕಿಸಿದ ಮಗು ಬದುಕಿತ್ತು. ಕೊನೆಯ ಸಾಲಿನಲ್ಲಿ ಗಂಜಿ ಕೂಡ ಕೇಳಿತ್ತು.

ನೇರವಾಗಿ ಕೇಳುತ್ತೇನೆ. ಮುನಿವೆಂಕಟಪ್ಪ ನೀವೇ ಅಲ್ಲವೆ? ‘ಆದಕಾರಣ’, ‘ಸದರಿ ಮಗು’, ‘ಬದುಕಿಸತಕ್ಕದ್ದು’ ಎಂದು ಹಿಪ್ಪುನೇರಳೆ ಬೆಳೆಯುವವರು ಬರೆಯುತ್ತಾರೆಯೆ? ಅದು ನಿಮ್ಮ ಕಚೇರಿಯ ಭಾಷೆ. ಧಾರಾವಾಹಿಯ ಬಗ್ಗೆ ಊರೂರಲ್ಲಿ ಜಗಳವಾಗುತ್ತಿದೆ ಎಂದು ತೋರಿಸಿಕೊಳ್ಳಲು ನೀವೇ ಪತ್ರ ಬರೆದು, ಬರೆಯುವ ರಭಸದಲ್ಲಿ ನಿಮ್ಮ ಕಥೆಯ ಕೊನೆಯನ್ನು ನೀವೇ ಮರೆತಿದ್ದೀರಿ ಎಂಬುದು ನನ್ನ ಅಂದಾಜು.

ಮಾಲೀಕರಾದ ನರಸಿಂಹಪ್ಪನವರು ಎರಡೂ ಪತ್ರ ನೋಡಿದ್ದಾರೆ. ಅವರ ತೀರ್ಮಾನ ಇದು: ಅಚ್ಚಾದ ಕಂತನ್ನು ಎದುರಿಗಿಟ್ಟು ಓದಿಸಿಕೊಂಡಿದ್ದೇವೆ, ಅದರಲ್ಲಿ ಮಗು ಬದುಕಿದೆ ಎಂದು ಶಿಡ್ಲಘಟ್ಟದ ಆ ಜಗಲಿಯವರು, ಇರುವುದೇ ನಿಜವಾದರೆ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ಏಪ್ರಿಲ್ ಮುಗಿಯುವುದರೊಳಗೆ ಕಳಿಸಬೇಕು. ಇಲ್ಲವಾದರೆ ‘ಅಂತರಿಕ್ಷದ ಅಂಚೆಯವನು’ ನಿಲ್ಲುತ್ತದೆ. ಆ ಪುಟಕ್ಕೆ ರೇಷ್ಮೆ ಗೂಡಿನ ಧಾರಣೆ ಹಾಕುತ್ತೇವೆ. ಅದರಲ್ಲಿ ಯಾರೂ ಎರಡು ಸಲ ಸಾಯುವುದಿಲ್ಲ.

ಚನ್ನಕೇಶವ
ಸಂಪಾದಕ

*

ಗೌರಿಬಿದನೂರು
೧೮ ಮಾರ್ಚ್ ೧೯೫೮

ಮಾನ್ಯ ಮುನಿವೆಂಕಟಪ್ಪನವರಿಗೆ,

ತಾವು ಇದ್ದೀರಿ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಸಂಪಾದಕರು ನಂಬಿಲ್ಲ. ತಾವು ನಾನೇ ಎಂದು ಅವರ ಅಭಿಪ್ರಾಯ. ದಯವಿಟ್ಟು ಇದ್ದರೆ ಇದ್ದೇನೆಂದು ತಿಳಿಸಿ.

ಹದಿನೇಳನೆಯ ಕಂತಿನಲ್ಲಿ ನಾನು ಯಾವ ಮಗುವನ್ನೂ ಕೊಂದಿಲ್ಲ. ತ್ರಿವಿಕ್ರಮ ಅರ್ಧ ಗಂಟೆ ಮೊದಲು ತಲುಪಿದ, ಔಷಧಿ ಗಂಟಲಿಗಿಳಿಯಿತು, ಮಗು ಕಣ್ಣು ಬಿಟ್ಟಿತು. ವಿಜ್ಞಾನಿ ಹೇಳಿದ ಮಾತು ಇಷ್ಟೇ: ‘ಕಂಡೆಯಾ, ಅರ್ಧ ಗಂಟೆ ಮೊದಲು ಬಂದಿದ್ದರೆ ಆಗುತ್ತಿತ್ತು ಎಂದೆನಲ್ಲ, ಆಯಿತು.’ ಆ ಸಾಲು ಬರೆದ ದಿನ ನಾನು ಸಂತೋಷದಲ್ಲಿ ಕಚೇರಿಗೆ ಎರಡು ಜೊತೆ ಬೇರೆ ಬೇರೆ ಚಪ್ಪಲಿಯಲ್ಲಿ ಒಂದೊಂದು ಹಾಕಿಕೊಂಡು ಹೋಗಿದ್ದೆ. ಹೀಗಿರುವಾಗ ಬಸ್ಸಿನ ಅವಸರದಲ್ಲಿ ಮುಗಿಸಿದೆನೆಂದರೆ ಹೊಟ್ಟೆ ಉರಿಯುತ್ತದೆ.

ವಾರಕ್ಕೆ ಆರು ದಿನ ಬೇರೆಯವರ ಜಮೀನಿನ ಚಕ್ಕುಬಂದಿ ನಕಲು ಮಾಡುವ ಗುಮಾಸ್ತ ನಾನು. ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ. ಏಳನೆಯ ದಿನ ಪೂರ್ವಕ್ಕೂ ಪಶ್ಚಿಮಕ್ಕೂ ಯಾರ ಹೊಲವೂ ಇಲ್ಲದ ಒಂದು ಕಡೆ ನನಗೆ ಬೇಕು. ಅದೇ ಈ ಧಾರಾವಾಹಿ. ತಮ್ಮ ಪತ್ರದಿಂದ ಅದು ನಿಲ್ಲುವ ಹಾಗಾಗಿದೆ. ಮಗು ಬದುಕಿದೆ ಎಂದು ತಮ್ಮ ಜಗಲಿಯವರು ಸಹಿ ಹಾಕಿ ಕಳಿಸಿದರೆ ಮಾತ್ರ ಉಳಿಯುತ್ತದೆ.

ನನಗೂ ಒಂದು ಅನುಮಾನವಿದೆ. ಓದಿದವರು ಯಾವ ಪತ್ರಿಕೆ ಹಿಡಿದಿದ್ದರು? ನೀವು ಕೇಳಿದವರೆಲ್ಲ ಎಚ್ಚರವಾಗಿದ್ದಿರಾ?

ಇಬ್ಬರು ತ್ರಿವಿಕ್ರಮರ ವಿಷಯ: ಹಳೆಯ ತ್ರಿವಿಕ್ರಮ ಹೊಸಬನಲ್ಲಿ ಸೇರಿಹೋಗುತ್ತಾನೆ. ಹೆಂಡತಿಗೆ ಬರುವವನು ಒಬ್ಬನೇ ಎಂದು ಕೊಂಡಮ್ಮನವರಿಗೆ ಭರವಸೆ ಕೊಡಿ.

ವಿಶ್ವಾಸವಿಡಲು ಪ್ರಯತ್ನಿಸುತ್ತಿರುವ,
ದಕ್ಷಿಣಾಮೂರ್ತಿ

*

ಶಿಡ್ಲಘಟ್ಟ
೨೮ ಮಾರ್ಚ್ ೧೯೫೮

ದಕ್ಷಿಣಾಮೂರ್ತಿ ಸ್ವಾಮಿಯವರಿಗೆ,

ನಾನು ಇದ್ದೇನೆ. ಸಾಕ್ಷಿ ಬೇಕಾದರೆ ಸಂಪಾದಕರು ಬಂದು ನಮ್ಮ ತೋಟದಲ್ಲಿ ಒಂದು ದಿನ ಸೊಪ್ಪು ಕೊಯ್ಯಲಿ. ‘ತಕ್ಕದ್ದು’ ಎಂಬ ಮಾತು ನನಗೆ ಬಂದದ್ದು ಕಂದಾಯದ ನೋಟೀಸಿನಿಂದ. ನಮಗೆ ಕಾಗದ ಬರೆಯುವವರು ತಾಲ್ಲೂಕು ಕಚೇರಿಯವರು ಬಿಟ್ಟರೆ ಬೇರೆ ಯಾರೂ ಇಲ್ಲ, ಹಾಗಾಗಿ ಕಾಗದ ಅಂದರೆ ಹಾಗೇ ಬರೆಯಬೇಕು ಅಂದುಕೊಂಡಿದ್ದೆ.

ನಿಮ್ಮ ಪತ್ರವನ್ನು ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ನಾನೇ ಓದಿ ಜಗಲಿಗೆ ತಿಳಿಸಿದೆ. ಅದೇ ವಾರ ಗೂಡಿನ ಮಾರ್ಕೆಟ್ಟಿಗೆ ಬಂದಿದ್ದ ಚಿಂತಾಮಣಿಯವನೊಬ್ಬ, “ನಮ್ಮ ಕಡೆ ಮಗು ಚೆನ್ನಾಗೈತಪ್ಪ, ಗಂಜಿ ಕುಡೀತಲ್ಲ” ಎಂದು ಹೋದ. ಆಗ ಶುರುವಾಯಿತು ನೋಡಿ.

ಚೆನ್ನರಾಯಪ್ಪ, “ಇದು ಬೇಕಂತ ಮಾಡಿರೋದು. ಚಿಂತಾಮಣಿಯೋರ್ಗೆ ಬದುಕಿರೋ ಮಗು, ನಮ್ಗೆ ಸತ್ತಿರೋ ಮಗು. ಎರಡು ಥರ ಅಚ್ಚು ಹಾಕ್ತಾರೆ. ಅಲ್ಲಿ ಚಂದಾದಾರ್ರು ಜಾಸ್ತಿ ಅವ್ರೆ” ಎಂದ.

ಗಂಗುಲಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, “ಲೇದು ಲೇದು, ನಾನೊಂದ್ ನೋಡ್ದೆ. ಹೇಳ್ಳಾ ಬ್ಯಾಡ್ವಾ ಅಂತ ಇದ್ದೆ. ಆವತ್ತು ಮೇಷ್ಟ್ರಮ್ಮ ಕೊನೇಗೆ ಓದ್ತಾನೇ ಇದ್ರು, ಪುಟ ಮಾತ್ರ ತಿರುಗಿಸ್ಲಿಲ್ಲ. ಕಂತು ಆಚೆ ಪುಟಕ್ಕೂ ಇತ್ತು. ನನ್ಗೆ ಕನ್ನಡ ಬರಲ್ಲ, ಪುಟ ತಿರುಗಿಸೋದು ಗೊತ್ತಾಗಲ್ವಾ?” ಎಂದ.

ಎಲ್ಲರೂ ಮೇಷ್ಟ್ರಮ್ಮನ ಕಡೆ ನೋಡಿದೆವು. ಅವರು ಕನ್ನಡಕ ಒರೆಸುತ್ತ, “ಗಂಗುಲಪ್ಪ, ನೀನು ನನ್ನ ಪುಟ ಕಾಯೋ ಬದಲು ನಿನ್ನ ಒಲೆ ಕಾಯಿ, ಅಲ್ಲಿ ಗೂಡು ಬೆಂದು ಮುದ್ದೆ ಆಗ್ತಿದೆ” ಎಂದರು. ಗಂಗುಲಪ್ಪ ಓಡಿದ. ಪತ್ರಿಕೆ ತೋರಿಸಿ ಎಂದರೆ, ಸೊಪ್ಪಿನ ಕೈಯವರಿಗೆ ಕೊಡುವುದಿಲ್ಲ ಎಂದರು. ಅವರು ನನಗೆ ಅಕ್ಷರ ಕಲಿಸಿದವರು. ಅವರ ಎದುರಿಗೆ ನಿಂತು ಸುಳ್ಳು ಹೇಳಿದಿರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಈಗ ಜಗಲಿಯಲ್ಲಿ ಇಪ್ಪತ್ತು ಜನ ನಿಮ್ಮ ಮೇಲೆ, ಹದಿನೆಂಟು ಜನ ಮೇಷ್ಟ್ರಮ್ಮನ ಮೇಲೆ ಅನುಮಾನ ಇಟ್ಟಿದ್ದಾರೆ. ನಾನು ಎರಡೂ ಕಡೆ ಇದ್ದೇನೆ. ಅಮ್ಮಾಜಮ್ಮ ಯಾವ ಕಡೆಯೂ ಇಲ್ಲ.

ಒಂದೇ ದಾರಿ. ನೀವೇ ಒಂದು ಗುರುವಾರ ಇಲ್ಲಿಗೆ ಬನ್ನಿ. ನಿಮ್ಮ ಪ್ರತಿ ತನ್ನಿ. ಆ ಕಂತನ್ನು ನಿಮ್ಮ ಬಾಯಲ್ಲೇ ಓದಿ. ಮಗು ಬದುಕಿದ್ದು ಕಿವಿಗೆ ಬಿದ್ದರೆ ನಲವತ್ತು ಹೆಬ್ಬೆಟ್ಟು ಅಲ್ಲೇ ಒತ್ತಿಸಿಕೊಡುವುದು ನನ್ನ ಜವಾಬ್ದಾರಿ.

ಮುನಿವೆಂಕಟಪ್ಪ

*

ಗೌರಿಬಿದನೂರು
೨ ಏಪ್ರಿಲ್ ೧೯೫೮

ಮಾನ್ಯರೇ,

ಏಪ್ರಿಲ್ ೨೪, ಗುರುವಾರ, ಸಂಜೆ ಐದಕ್ಕೆ ಬರುತ್ತೇನೆ. ಹೆಬ್ಬೆಟ್ಟಿಗೆ ಮಸಿ ನಾನೇ ತರುತ್ತೇನೆ, ಸರ್ಕಾರದ್ದು. ಸಂಪಾದಕರಿಗೂ ತಿಳಿಸಿದ್ದೇನೆ.

ದಕ್ಷಿಣಾಮೂರ್ತಿ

*

ಶಿಡ್ಲಘಟ್ಟ
೯ ಏಪ್ರಿಲ್ ೧೯೫೮

ಶ್ರೀ ದಕ್ಷಿಣಾಮೂರ್ತಿಯವರಿಗೆ,

ನೀವು ೨೪ಕ್ಕೆ ಬಂದು ಕಂತನ್ನು ನೀವೇ ಓದುತ್ತೀರೆಂದು ಮುನಿವೆಂಕಟಪ್ಪ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಾನೆ. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಮಗುವನ್ನು ಕೊಂದವಳು ನಾನು.

ಇಪ್ಪತ್ತಾರು ವರ್ಷ ಮಕ್ಕಳಿಗೆ, ಇದ್ದದ್ದನ್ನು ಇದ್ದ ಹಾಗೆ ಓದು ಎಂದು ಬೆತ್ತ ಹಿಡಿದು ಹೇಳಿದ್ದೇನೆ. ಆ ದಿನ ನಾನೇ ತಪ್ಪಿದೆ. ಕಾರಣ ಹೇಳುತ್ತೇನೆ. ಕಥೆ ಬರೆಯುವವರಿಗೆ ಇಂಥದ್ದನ್ನು ಹೇಳುವುದು ಅಪಾಯ, ಮುಂದಿನ ವಾರ ಅಚ್ಚಾಗಿ ಬರುತ್ತದೆ ಎಂಬ ಅನುಮಾನ ನನಗೆ ಇದ್ದೇ ಇದೆ. ಹಾಗೆ ಮಾಡಿದರೆ ಗೌರಿಬಿದನೂರಿಗೆ ಬಂದು ನಿಮ್ಮ ಕಚೇರಿಯಲ್ಲೇ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಅಮ್ಮಾಜಮ್ಮ ನಮ್ಮ ಬೀದಿಯವಳು. ಐದು ವರ್ಷದ ಹಿಂದೆ ಅವಳ ಮಗಳಿಗೆ ಜ್ವರ ಬಂತು, ಒಂಬತ್ತು ವರ್ಷದ ಹುಡುಗಿ, ನನ್ನ ಮೂರನೆಯ ತರಗತಿ. ಅದೇ ದಿನ ಮನೆಯಲ್ಲಿ ಹುಳು ಹಣ್ಣಾಗಿತ್ತು. ನಿಮಗೆ ತಿಳಿಯದಿದ್ದರೆ ಹೇಳುತ್ತೇನೆ, ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಯಾರಿಗೂ ಕಾಯುವುದಿಲ್ಲ. ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು, ಇಲ್ಲವಾದರೆ ಸಿಕ್ಕಸಿಕ್ಕಲ್ಲಿ ನೂಲು ಉಗುಳಿ ಹಾಳಾಗುತ್ತದೆ. ಹುಳುವಿನ ಕೋಣೆಗೆ ಎಲ್ಲರೂ ಕಾಲಿಡುವ ಹಾಗೂ ಇಲ್ಲ. ಆ ಮನೆಯಲ್ಲಿ ಹುಳು ಮುಟ್ಟುವ ಕೈ ಅವಳದೊಂದೇ. ಆಸ್ಪತ್ರೆಗೆ ಹೋಗುವ ಗಾಡಿ ಬಾಗಿಲಿಗೆ ಬಂದು ನಿಂತಿದ್ದಾಗ ಕೊನೆಯ ತಟ್ಟೆ ಮುಗಿಸಿ ಬಂದಳು. ಅರ್ಧ ಗಂಟೆ ಆಗಿರಬಹುದು. ಆ ಗಾಡಿಯಲ್ಲಿ ನಾನೂ ಇದ್ದೆ. ಮಗುವಿನ ಕೈ ನೋಡಿದ ಡಾಕ್ಟರೊಬ್ಬರು, “ಅರ್ಧ ಗಂಟೆ ಮೊದಲು ಬಂದಿದ್ದರೆ ಆಗುತ್ತಿತ್ತು” ಎಂದರು. ಅವರು ಆ ಮಾತನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಅದನ್ನು ಕೇಳಿದವರು ನಾನು, ಅವಳು ಇಬ್ಬರೇ. ಅವಳು ಇನ್ನು ಯಾರಿಗೂ ಹೇಳಿಲ್ಲ.

ಅಂದಿನಿಂದ ಅವಳು ಹುಳು ಮುಟ್ಟಿಲ್ಲ. ಮನೆಯಿಂದ ಹೊರಗೆ ಬರುತ್ತಿದ್ದುದು ಗುರುವಾರ, ನಿಮ್ಮ ಅಂಚೆಯವನಿಗೋಸ್ಕರ. ಯಾಕೆ ಎಂದು ಕೇಳಿದ್ದಕ್ಕೆ, “ಅವ್ನು ಎಲ್ಲಾದ್ರೂ ಹೋಗ್ತಾನಲ್ಲ ಮೇಷ್ಟ್ರಮ್ಮ” ಎಂದಿದ್ದಳು.

ನಾನು ಕಂತನ್ನು ಮೊದಲೇ ಓದಿಕೊಳ್ಳುವವಳಲ್ಲ, ನನಗೂ ಜಗಲಿಯ ಮೇಲೆಯೇ ತಿಳಿಯಬೇಕು. ಓದುತ್ತ ಓದುತ್ತ ಬಂದರೆ ನಿಮ್ಮ ವಿಜ್ಞಾನಿಯ ಬಾಯಲ್ಲಿ ಡಾಕ್ಟರ ಅದೇ ಮಾತು ಕಣ್ಣಿಗೆ ಬಿತ್ತು. ತಲೆ ಎತ್ತಿದೆ. ಅಮ್ಮಾಜಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಪುಟದ ಮೇಲಿತ್ತು, ಬಾಯಿ ತನ್ನ ಪಾಡಿಗೆ ತಾನು ಹೋಯಿತು.

ಮರುದಿನ ಬೆಳಿಗ್ಗೆ ಅವಳು ಸ್ಕೂಲಿನ ಬಾಗಿಲಿಗೆ ಬಂದಳು. “ಯಂತ್ರ ಇಟ್ಕೊಂಡೋನ ಕೈಲೂ ಆಗ್ಲಿಲ್ವಲ್ಲ ಮೇಷ್ಟ್ರಮ್ಮ” ಎಂದಳು. ಆಗಲಿಲ್ಲ ಕಣಮ್ಮ ಎಂದೆ. ಆಮೇಲೆ, “ಹುಳದ ಮೊಟ್ಟೆ ಎಲ್ಲಿ ಸಿಗ್ತಾವೆ ಈಗ” ಎಂದು ಕೇಳಿದಳು.

ಹದಿನೆಂಟನೆಯ ಕಂತಿನಲ್ಲಿ ನಿಮ್ಮ ಮಗು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಬಹಳ ಕಷ್ಟವಾಯಿತು. ಪಕ್ಕದ ಮನೆಯ ಮಗು ಎಂದು ಓದಿದೆ. ಇಪ್ಪತ್ತರಲ್ಲಿ ಅದಕ್ಕೆ ಹುಟ್ಟುಹಬ್ಬ ಬೇರೆ ಮಾಡಿದ್ದೀರಿ. ದಯವಿಟ್ಟು ಇನ್ನು ಮೇಲೆ ಅದನ್ನು ಕರೆತರಬೇಡಿ.

೨೪ರಂದು ನೀವು ಏನು ಓದಬೇಕೆಂದು ನಾನು ಹೇಳುವುದಿಲ್ಲ.

ಸಾವಿತ್ರಮ್ಮ

*

ಗೌರಿಬಿದನೂರು
೧೪ ಏಪ್ರಿಲ್ ೧೯೫೮

ಪೂಜ್ಯ ಸಾವಿತ್ರಮ್ಮನವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೂರು ಸಲ ನಂಬಿದೆ. ನಾಲ್ಕನೆಯ ಸಲ ಓದುವಾಗ ಗುಮಾಸ್ತನ ಬುದ್ಧಿ ಎಚ್ಚರವಾಯಿತು. ಇದೂ ನೀವು ಕಟ್ಟಿದ ಕಥೆಯಲ್ಲ ಎಂಬುದಕ್ಕೆ ಏನು ದಾಖಲೆ? ನೀವು ಕಟ್ಟಬಲ್ಲಿರಿ ಎಂಬುದಕ್ಕಾದರೆ ದಾಖಲೆ ಇದೆ. ‘ಆ ಜ್ವರ ಮೂರು ದಿನ ಮೊದಲೇ ತನ್ನ ಕೆಲಸ ಮುಗಿಸಿತ್ತು’ ಎಂಬ ಸಾಲು ನಾನು ಬರೆದದ್ದಕ್ಕಿಂತ ಚೆನ್ನಾಗಿದೆ. ಇದನ್ನು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ನನ್ನ ಕಷ್ಟವನ್ನೂ ನೋಡಿ. ನಾನು ಆ ಜಗಲಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದರೆ ನಲವತ್ತು ಹೆಬ್ಬೆಟ್ಟು ಸಿಗುತ್ತದೆ, ಧಾರಾವಾಹಿ ಉಳಿಯುತ್ತದೆ. ಓದದಿದ್ದರೆ ನನಗೆ ಉಳಿಯುವುದು ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ. ನನಗೆ ನಲವತ್ತಾರು ವರ್ಷ. ಇನ್ನೊಂದು ಅಂತರಿಕ್ಷ ಸಿಗುವ ವಯಸ್ಸಲ್ಲ.

ಅಮ್ಮಾಜಮ್ಮನವರಿಗೆ ಒಂದು ದಿನ ಹೇಗಾದರೂ ತಿಳಿಯುತ್ತದೆ. ಚಿಂತಾಮಣಿಯವರು ಬಾಯಿ ಮುಚ್ಚಿಕೊಂಡಿರುವ ಜನವೂ ಅಲ್ಲ. ಆ ಗುರುವಾರ ಅಮ್ಮಾಜಮ್ಮನವರನ್ನು ನೀವು ಬೇರೆ ಯಾವುದಾದರೂ ಕೆಲಸಕ್ಕೆ ಕಳಿಸಬಹುದಲ್ಲ?

ದಕ್ಷಿಣಾಮೂರ್ತಿ

*

ಶಿಡ್ಲಘಟ್ಟ
೧೭ ಏಪ್ರಿಲ್ ೧೯೫೮

ಶ್ರೀ ದಕ್ಷಿಣಾಮೂರ್ತಿಯವರಿಗೆ,

ಕಳಿಸಬಹುದು. ಕಳಿಸುವುದಿಲ್ಲ. ಐದು ವರ್ಷ ಮನೆಯೊಳಗಿದ್ದವಳನ್ನು ಜಗಲಿಯಿಂದ ಏಳು ಎನ್ನುವುದು ನನ್ನ ಕೈಲಾಗದು. ಚಿಂತಾಮಣಿಯವರ ಮಾತು ಅವಳ ಕಿವಿಗೂ ಬಿದ್ದಿದೆ. “ಅವ್ರಿಗೇನ್ ಗೊತ್ತು, ನಮ್ ಮೇಷ್ಟ್ರಮ್ಮ ಓದಿದ್ದೇ ಓದಿದ್ದು” ಎಂದಳಂತೆ. ಕಥೆ ಬರೆದವರೇ ಬಂದು ಓದಿದರೆ ಹಾಗನ್ನಲು ಅವಳಿಗೆ ಏನೂ ಉಳಿಯುವುದಿಲ್ಲ.

ದಾಖಲೆ ಕೇಳಿದ್ದೀರಿ. ಬಂದು ನೋಡಿ. ಮೂರನೆಯ ಕಂಬದ ಪಕ್ಕ ಕೂರುತ್ತಾಳೆ.

ಸಾವಿತ್ರಮ್ಮ

*

ಶಿಡ್ಲಘಟ್ಟ
೨೫ ಏಪ್ರಿಲ್ ೧೯೫೮

ದಕ್ಷಿಣಾಮೂರ್ತಿ ಸ್ವಾಮಿಯವರಿಗೆ,

ನೀವು ಕ್ಷೇಮವಾಗಿ ಊರು ಸೇರಿದಿರಿ ಎಂದುಕೊಳ್ಳುತ್ತೇನೆ. ನೀವು ಮರೆತು ಬಿಟ್ಟುಹೋದ ಮಸಿಯ ಡಬ್ಬಿ ನನ್ನ ಹತ್ತಿರ ಇದೆ. ಬಳಸದ ಡಬ್ಬಿ, ಮುಚ್ಚಳವೂ ತೆಗೆದಿಲ್ಲ.

ನಿನ್ನೆ ನಡೆದದ್ದು ನನಗೆ ಪೂರ್ತಿ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಬರೆದಿಟ್ಟರೆ ಆಮೇಲೆ ತಿಳಿಯಬಹುದೆಂದು ಬರೆಯುತ್ತೇನೆ.

ನೀವು ಎದೆಯುಬ್ಬಿಸಿ ಬಂದಿರಿ. ಬೊಂಡ ತಿಂದಿರಿ. ಮಗು ಬದುಕಿದೆ, ಈಗ ಕೇಳಿಸಿಕೊಳ್ಳಿ ಎಂದು ಬಸ್ಸಿನಿಂದ ಇಳಿಯುವಾಗಲೇ ನನ್ನ ಕಿವಿಯಲ್ಲಿ ಹೇಳಿದಿರಿ. ಓದಲು ಕೂತಿರಿ. ಯಂತ್ರದ ಹಿಡಿ ತಿರುಗಿಸುವವರೆಗೆ ಬಂದಿರಿ. ಅಷ್ಟರಲ್ಲಿ ಅಮ್ಮಾಜಮ್ಮ ಕಂಬದ ಪಕ್ಕದಿಂದ, “ಸ್ವಾಮೀ, ಸ್ವಲ್ಪ ಬೇಗ ಓದ್ರಪ್ಪ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು, ನಾನು ಹೋಗ್ಬೇಕು” ಎಂದಳು. ಕೊಂಡಮ್ಮ, “ನಿನ್ ಹುಳ ಒಂದು ಗಳಿಗೆ ಕಾಯ್ಲಿ ಬಿಡೇ” ಎಂದಳು. ಅಮ್ಮಾಜಮ್ಮ, “ಅವು ಕಾಯಲ್ಲ ಕಣೇ” ಎಂದಳು, ಬೇಜಾರಿಲ್ಲದೆ.

ನೀವು ಓದುವುದನ್ನು ನಿಲ್ಲಿಸಿದಿರಿ. ನೀರು ಕೇಳಿದಿರಿ. ಕುಡಿದು ಮತ್ತೊಂದು ಲೋಟ ಕೇಳಿದಿರಿ. ಮೇಷ್ಟ್ರಮ್ಮ ನಿಮ್ಮನ್ನು ನೋಡಲಿಲ್ಲ, ಬೀದಿ ನೋಡುತ್ತಿದ್ದರು. ಆಮೇಲೆ ಓದಿದಿರಿ. ಮಗು ಸತ್ತಿತು. ಜ್ವರ ಮೂರು ದಿನ ಮೊದಲೇ ತನ್ನ ಕೆಲಸ ಮುಗಿಸಿತ್ತು ಎಂದು ವಿಜ್ಞಾನಿ ಹೇಳಿದ. ಮೇಷ್ಟ್ರಮ್ಮ ಓದಿದ್ದಕ್ಕೂ ನೀವು ಓದಿದ್ದಕ್ಕೂ ಒಂದು ಅಕ್ಷರ ವ್ಯತ್ಯಾಸವಿಲ್ಲ.

ಅಮ್ಮಾಜಮ್ಮ ಎದ್ದು ಸೆರಗು ಕೊಡವಿಕೊಂಡು ಸೊಪ್ಪು ಹಾಕಲು ಹೋದಳು.

ಚೆನ್ನರಾಯಪ್ಪನಿಗೆ ಈಗ ನಿಮ್ಮ ಮೇಲೆ ಕೋಪ. ಇಷ್ಟು ದೂರ ಬಂದು ಅದೇ ಮಗುವನ್ನು ಮೂರನೆಯ ಸಲ ಸಾಯಿಸಿ ಹೋದನಲ್ಲ ಎನ್ನುತ್ತಾನೆ. ಸಹಿಯ ವಿಷಯ ಕೇಳಿದೆ. ಮಗು ಬದುಕಿದೆ ಎಂದು ಹೆಬ್ಬೆಟ್ಟು ಒತ್ತಲು ಯಾರೂ ತಯಾರಿಲ್ಲ. ಬರೆದವರ ಬಾಯಿಂದಲೇ ಸತ್ತದ್ದು ಕೇಳಿದ್ದೇವೆ, ಸುಳ್ಳು ಕಾಗದಕ್ಕೆ ಹೆಬ್ಬೆಟ್ಟು ಹಾಕಿದರೆ ಕೋರ್ಟಿಗೆ ಹೋಗಬೇಕಾಗುತ್ತದೆ ಎನ್ನುತ್ತಾರೆ.

ಗಂಗುಲಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಅಣ್ಣಾ, ಈಯಪ್ಪನೂ ಪುಟ ತಿರುಗಿಸ್ಲಿಲ್ಲ” ಎಂದ. ನಾನು, ನಿನಗೆ ಕನ್ನಡ ಬರುವುದಿಲ್ಲ ಸುಮ್ಮನಿರು ಎಂದೆ.

ಮುನಿವೆಂಕಟಪ್ಪ

*

ಚಿಕ್ಕಬಳ್ಳಾಪುರ
೩ ಮೇ ೧೯೫೮

ಶ್ರೀ ದಕ್ಷಿಣಾಮೂರ್ತಿಯವರಿಗೆ,

ಹೆಬ್ಬೆಟ್ಟುಗಳು ಬರಲಿಲ್ಲ. ಬಂದದ್ದು ನಿಮ್ಮ ಒಂದು ಸಾಲಿನ ಕಾರ್ಡು: ‘ಶಿಡ್ಲಘಟ್ಟದವರು ಹೇಳಿದ್ದು ಸರಿ, ಚಿಂತಾಮಣಿಯವರು ಹೇಳಿದ್ದೂ ಸರಿ.’ ಇದನ್ನು ಮಾಲೀಕರಿಗೆ ಹೇಗೆ ತೋರಿಸಲಿ? ಅವರು ಮೊದಲೇ ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾರೆ.

ಮೇ ಒಂದರ ಇಪ್ಪತ್ತೈದನೆಯ ಕಂತೇ ಕೊನೆಯದು. ತ್ರಿವಿಕ್ರಮನನ್ನು ಗುರುಗ್ರಹದ ಅರ್ಧ ದಾರಿಯಲ್ಲಿ ಬಿಟ್ಟಿದ್ದೇವೆ. ಆ ಪುಟಕ್ಕೆ ಧಾರಣೆ ಬರುತ್ತದೆ.

ಒಂದು ಮಾತು, ಸಂಪಾದಕನಾಗಿ ಅಲ್ಲ. ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ ಎಂದು ನನಗೆ ಈಗಲೂ ಅನುಮಾನ. ಆದರೆ ಮೊದಲು ಬಂದ ಅನುಮಾನ ಅಲ್ಲ ಇದು.

ಚನ್ನಕೇಶವ

*

ಶಿಡ್ಲಘಟ್ಟ
೨೦ ಜೂನ್ ೧೯೫೮

ದಕ್ಷಿಣಾಮೂರ್ತಿ ಸ್ವಾಮಿಯವರಿಗೆ,

ಬಹಳ ದಿನದಿಂದ ಬರೆದಿರಲಿಲ್ಲ. ಬರೆಯುವಂಥ ತಪ್ಪು ನೀವು ಮಾಡಿರಲಿಲ್ಲ. ಆದರೆ ನಿನ್ನೆ ಓದಿದ ಮೂವತ್ತೆರಡನೆಯ ಕಂತಿನ ಬಗ್ಗೆ ಜಗಲಿಯವರ ತಕರಾರು ಜೋರಾಗಿದೆ.

ತ್ರಿವಿಕ್ರಮ ಕಾಲದ ಯಂತ್ರದಲ್ಲಿ ನೂರು ವರ್ಷ ಮುಂದಕ್ಕೆ ನಮ್ಮ ಶಿಡ್ಲಘಟ್ಟಕ್ಕೇ ಬರುತ್ತಾನೆ. ಸಂತೋಷ. ಆದರೆ ಆಗಿನವರು ಮುದ್ದೆ ಬಿಟ್ಟು ಸಾಸಿವೆಯಷ್ಟು ಗಾತ್ರದ ಮಾತ್ರೆ ನುಂಗುತ್ತಾರೆ ಎಂದು ಬರೆದಿದ್ದೀರಿ. ಚೆನ್ನರಾಯಪ್ಪ ಎದ್ದುಹೋದ. ಆಮೇಲೆ ಅಮ್ಮಾಜಮ್ಮ ಒಂದು ಪ್ರಶ್ನೆ ಕೇಳಿದಳು. ಅವಳು ಈಗ ಪ್ರತಿ ವಾರ ಕೇಳುತ್ತಾಳೆ, ಅವಳ ಮತವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೇವೆ. “ಮಾತ್ರೆ ನುಂಗೋ ಜನ ಹುಳಕ್ಕೆ ಸೊಪ್ಪು ಕೊಯ್ಯೋಕೆ ಎದ್ದು ಹೋಗ್ತಾರಾ? ಆಗ ಹುಳ ಸಾಕೋರು ಯಾರು?” ಮೇಷ್ಟ್ರಮ್ಮ ಓದುವುದನ್ನು ನಿಲ್ಲಿಸಿ ಸುಮಾರು ಹೊತ್ತು ಯೋಚಿಸಿ, ಅದು ಮುಂದಿನ ಕಂತಿನಲ್ಲಿ ಇರಬಹುದು ಎಂದರು. ಅಚ್ಚಾದದ್ದನ್ನು ಓದುವವರು ಅಷ್ಟು ಯೋಚಿಸಬೇಕೆ?

ಇನ್ನೊಂದು ಸಂಗತಿ. ಗಂಗುಲಪ್ಪನಿಗೆ ಅಂಕಿ ಓದಲು ಬರುತ್ತದೆ. ಮೇಷ್ಟ್ರಮ್ಮ ಹಿಡಿದ ಪುಟದ ತುಂಬ ಬರೀ ಅಂಕಿ ಇರುತ್ತದೆ, ಗೂಡಿನ ಧಾರಣೆ ಇದ್ದ ಹಾಗಿದೆ ಎಂದು ಏಳು ವಾರದಿಂದ ಹೇಳುತ್ತಿದ್ದಾನೆ. ಅವನಿಗೆ ನಾನು, ಅದು ಗ್ರಹಗಳ ದೂರ ಎಂದು ಹೇಳಿದ್ದೇನೆ. ನಂಬಿದನೋ ಇಲ್ಲವೋ ತಿಳಿಯದು. ಗುರುವಾರ ಮಾತ್ರ ಎಲ್ಲರಿಗಿಂತ ಮೊದಲು ಬಂದು ಜಗಲಿ ಗುಡಿಸುತ್ತಾನೆ.

ನನಗೆ ಅನುಮಾನಗಳಿವೆ. ಅವನ್ನು ಮೇಷ್ಟ್ರಮ್ಮನಿಗೆ ಕೇಳಿಲ್ಲ. ಕೇಳಿದರೆ ಅವರು ನಿಲ್ಲಿಸಿಬಿಟ್ಟರೆ? ಆದಕಾರಣ ನಿಮ್ಮನ್ನೇ ಕೇಳುತ್ತಿದ್ದೇನೆ. ಮಾತ್ರೆಯ ವಿಷಯ, ಹುಳುವಿನ ವಿಷಯ, ಎರಡಕ್ಕೂ ಉತ್ತರ ಕೊಡತಕ್ಕದ್ದು.

ಮುನಿವೆಂಕಟಪ್ಪ

*

ಗೌರಿಬಿದನೂರು
೨೬ ಜೂನ್ ೧೯೫೮

ಮಾನ್ಯ ಮುನಿವೆಂಕಟಪ್ಪನವರಿಗೆ,

ತಮ್ಮ ಪತ್ರ ಕಚೇರಿಗೆ ಬಂತು. ಒಂದು ಸಾಗುವಳಿ ಚೀಟಿಯನ್ನು ಅರ್ಧಕ್ಕೆ ಬಿಟ್ಟು ಓದಿದೆ. ಓದಿದ ಮೇಲೆ ಉಳಿದರ್ಧ ಬರೆಯಲು ಕೈ ಬರಲಿಲ್ಲ. ಪಕ್ಕದ ಮೇಜಿನವರು ಏನು ಸಮಾಚಾರ, ಮುಖ ಹೀಗಿದೆ ಎಂದರು. ತ್ರಿವಿಕ್ರಮ ಶಿಡ್ಲಘಟ್ಟಕ್ಕೆ ಬಂದನಂತೆ ಎಂದೆ. ಅವರು ಎದ್ದು ಹೋದರು.

ಮೂವತ್ತೆರಡನೆಯ ಕಂತಿನಲ್ಲಿ ಆಗಿರುವ ತಪ್ಪುಗಳೆಲ್ಲ ನನ್ನವು. ಓದಿದವರದು ಏನೂ ಇಲ್ಲ. ಮುದ್ದೆಯನ್ನು ತೆಗೆದದ್ದು ತಿಳಿಗೇಡಿತನ. ಮಾತ್ರೆ ನುಂಗುವವರು ಬೇರೆ ಊರಿನಿಂದ ಬಂದ ನೆಂಟರು ಎಂದು ತಿದ್ದಿ ಓದಿಕೊಳ್ಳುವಂತೆ ಜಗಲಿಗೆ ತಿಳಿಸಿ. ಬೇಕಾದರೆ ಚಿಂತಾಮಣಿಯವರು ಎಂದು ಓದಿಕೊಳ್ಳಿ.

ಹುಳು ಸಾಕುವವರು ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಮ್ಮಾಜಮ್ಮನವರಷ್ಟು ದೂರ ನಾನು ಯೋಚಿಸಿರಲಿಲ್ಲ. ಅವರ ಪ್ರಶ್ನೆಯನ್ನು ಮೇಷ್ಟ್ರಮ್ಮನವರು ಗಮನಕ್ಕೆ ತೆಗೆದುಕೊಂಡಿದ್ದರೆ ನನಗೆ ಅಷ್ಟು ಸಾಕು. ಗ್ರಹಗಳ ದೂರದ ವಿಷಯದಲ್ಲಿ ತಾವು ಗಂಗುಲಪ್ಪನವರಿಗೆ ಹೇಳಿದ್ದು ಸರಿಯಾಗಿದೆ.

ಇನ್ನು ನನ್ನದೊಂದು ಕೋರಿಕೆ. ಮೂವತ್ತಮೂರನೆಯ ಕಂತು ಇವತ್ತು ಸಂಜೆ. ನಾನು ಇದನ್ನು ಬರೆಯುವ ಹೊತ್ತಿಗೆ ತಾವು ಜಗಲಿಯಲ್ಲಿ ಕೂತಿರುತ್ತೀರಿ. ಬರೆದವನೇ ಹೀಗೆ ಕೇಳುವುದೇನೆಂದು ಅನುಮಾನಪಡಬೇಡಿ, ಪಟ್ಟರೂ ಯಾರಿಗೂ ಹೇಳಬೇಡಿ. ಏನಾಯಿತೆಂದು ನಾಳೆಯೇ ಒಂದು ಕಾರ್ಡು ಹಾಕಿ.

ತಮ್ಮ ವಿಶ್ವಾಸಿ,
ದಕ್ಷಿಣಾಮೂರ್ತಿ